ಜೋಡಿಸಿದ ನಾಳ ಮುಚ್ಚಿಕೊಂಡೀತೇ? ರಕ್ತಪರೀಕ್ಷೆ ಎಷ್ಟು ಹೇಳಬಲ್ಲದು

ಕೆಳದವಡೆಗೆ ಕ್ಯಾನ್ಸರ್ ಹರಡಿದಾಗ ಗಡ್ಡೆಯ ಜೊತೆಗೆ ದವಡೆ ಮೂಳೆಯ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ರೋಗಿಗೆ ಅಗಿಯಲಾಗದು, ನುಂಗುವುದು ಕಷ್ಟ, ಮಾತು ಸ್ಪಷ್ಟವಾಗದು, ಮುಖದ ಒಂದು ಪಕ್ಕ ಒಳಕ್ಕೆ ಕುಸಿಯುತ್ತದೆ. ಹಾಗಾಗಿ ಗಡ್ಡೆ ತೆಗೆದ ದಿನವೇ ಇನ್ನೊಂದು ತಂಡ ರೋಗಿಯ ಕಾಲಿನ ಫಿಬುಲಾ ಮೂಳೆಯಿಂದ ಬೇಕಾದಷ್ಟು ಉದ್ದವನ್ನು, ಮೇಲಿನ ಚರ್ಮ ಮತ್ತು ರಕ್ತನಾಳಗಳ ಸಮೇತ ಬಿಡಿಸಿ ತಂದು ದವಡೆಯ ಜಾಗದಲ್ಲಿ ಕೂರಿಸುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳ್ಳಗಿನ ನೈಲಾನ್ ದಾರದಲ್ಲಿ, ಕಾಲಿನಿಂದ ಬಂದ ಅಪಧಮನಿಯನ್ನು ಕುತ್ತಿಗೆಯ ಅಪಧಮನಿಗೂ ಅಭಿಧಮನಿಯನ್ನು ಕುತ್ತಿಗೆಯ ಅಭಿಧಮನಿಗೂ ಹೊಲಿಯುತ್ತಾರೆ. ಆ ನಾಳಗಳ ಅಗಲ ಒಂದರಿಂದ ಮೂರು ಮಿಲಿಮೀಟರ್. ಬೆಳಗ್ಗೆ ಶುರುವಾದ ಕೆಲಸ ಮುಗಿಯುವಾಗ ಹಲವು ಸಲ ರಾತ್ರಿಯಾಗಿರುತ್ತದೆ. ಮುಂದಿನ ಎರಡು ಮೂರು ದಿನಗಳಲ್ಲಿ ಆ ಹೊಲಿಗೆಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ, ಅದನ್ನು ಬೇಗ ಕಂಡುಹಿಡಿದು ತೆರೆಯದಿದ್ದರೆ, ಕಸಿ ಮಾಡಿದ ಮೂಳೆ, ಚರ್ಮ ಎಲ್ಲವೂ ಸಾಯುತ್ತವೆ. ಕಾಲಿನ ಗಾಯ ಮಾತ್ರ ಉಳಿಯುತ್ತದೆ.

ಯಾರಿಗೆ ಹೀಗಾದೀತು ಎಂದು ಮೊದಲೇ ತಿಳಿಯುವಂತಿದ್ದರೆ? ರೋಗಿಯ ತೋಳಿನಿಂದ ಎರಡು ಚಮಚ ರಕ್ತ ತೆಗೆದು ಪರೀಕ್ಷಿಸಿ, ಈ ರಕ್ತ ಹೆಪ್ಪುಗಟ್ಟುವ ಜಾತಿಯದು, ಇವರಿಗೆ ಬೇರೆ ದಾರಿ ನೋಡಿ ಎಂದು ಹೇಳುವಂತಿದ್ದರೆ? ಪುನರ್‌ರಚನಾ ಶಸ್ತ್ರಚಿಕಿತ್ಸೆಯಲ್ಲಿ ಕೆಲಸ ಮಾಡುವವರು ಈ ಪ್ರಶ್ನೆಯನ್ನು ದಶಕಗಳಿಂದ ಕೇಳುತ್ತಲೇ ಇದ್ದಾರೆ. ಉತ್ತರಗಳು ಬಂದಿವೆ. ಆದರೆ ಅವು ನಾವು ಬಯಸಿದಷ್ಟು ನೇರವಾಗಿಲ್ಲ. ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಬಿಡಿಸಿ ನೋಡದೆ, ವರದಿಯಲ್ಲಿ ‘ನಾರ್ಮಲ್’ ಎಂದು ಓದಿ ನಿರಾಳರಾಗುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆ ಅಭ್ಯಾಸ ಹೋಗಬೇಕು ಎಂಬುದು ಈ ಲೇಖನದ ಒತ್ತಾಯ.

ಮೊದಲು ಅಪಾಯದ ಗಾತ್ರ ಎಷ್ಟು ಎಂಬುದನ್ನು ನೋಡೋಣ. 1998ರಲ್ಲಿ ಪ್ರಕಟವಾದ ಖೌರಿ ಮತ್ತು ಸಂಗಡಿಗರ ಅಧ್ಯಯನದಲ್ಲಿ 23 ಶಸ್ತ್ರವೈದ್ಯರು ಮಾಡಿದ, ಹೀಗೆ ನಾಳ ಸಮೇತ ಬಿಡಿಸಿ ಬೇರೆಡೆ ಹೊಲಿಯುವ ಕಸಿಗಳಾದ 493 ಫ್ರೀ ಫ್ಲ್ಯಾಪ್‌ಗಳ ಲೆಕ್ಕವಿದೆ. ಶಸ್ತ್ರಚಿಕಿತ್ಸೆಯ ನಂತರ ನಾಳದಲ್ಲಿ ಹೆಪ್ಪುಗಟ್ಟಿ ಮತ್ತೆ ಥಿಯೇಟರಿಗೆ ಒಯ್ಯಬೇಕಾಗಿ ಬಂದದ್ದು ನೂರಕ್ಕೆ 9.9. ಅವುಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಂಡರು. ಕೊನೆಗೆ ಪೂರ್ತಿ ಕಳೆದುಕೊಂಡದ್ದು ನೂರಕ್ಕೆ 4.1. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಿಂದ ಕ್ರೋಲ್ ಮತ್ತಿತರರು 990 ಫ್ಲ್ಯಾಪ್‌ಗಳ ಅನುಭವ ಬರೆದಿದ್ದರು. ಅಲ್ಲಿ ಹೆಪ್ಪು ಕಂಡದ್ದು ನೂರಕ್ಕೆ ಐದರ ಆಸುಪಾಸು. ಅದರಲ್ಲಿ ಐದನೇ ನಾಲ್ಕು ಪಾಲು ಮೊದಲ ಎರಡು ದಿನಗಳಲ್ಲೇ ಆಗಿತ್ತು. ಅಪಧಮನಿಗಿಂತ ಅಭಿಧಮನಿಯಲ್ಲೇ ಹೆಚ್ಚು. ತೂಬಿನಿಂದ ನೀರು ಬರುತ್ತಿದ್ದು ಹೊರಹೋಗುವ ಬಾಯಿ ಕಟ್ಟಿದರೆ ಗದ್ದೆಯ ಪೈರು ಕೊಳೆಯುವಂತೆ, ರಕ್ತ ಒಳಬಂದು ಹೊರಹೋಗದ ಫ್ಲ್ಯಾಪ್ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇಂದು ಅನುಭವಿ ಕೇಂದ್ರಗಳಲ್ಲಿ ಯಶಸ್ಸು ನೂರಕ್ಕೆ 95ನ್ನು ದಾಟಿದೆ. ಈ ಸಂಖ್ಯೆಯನ್ನು ನೆನಪಿಡಬೇಕು. ಪರೀಕ್ಷೆಗಳ ಬೆಲೆ ಕಟ್ಟುವಾಗ ಇದೇ ಮತ್ತೆ ಬಂದು ಎದುರು ನಿಲ್ಲುತ್ತದೆ.

ಈ ಅಪಾಯ ಪುನರ್‌ರಚನೆಯ ಕಲೆಗೆ ಹುಟ್ಟಿನಿಂದ ಅಂಟಿ ಬಂದದ್ದಲ್ಲ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಒಂದು ಚಿತ್ರ ಮತ್ತು ವರದಿ ಪ್ರಕಟಿಸಿತು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೆರೆಸಿಕ್ಕು ಮೂಗು ಮತ್ತು ಒಂದು ಕೈಯನ್ನು ಕಳೆದುಕೊಂಡಿದ್ದ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವ್ಯಕ್ತಿ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ ಎಂದು ಆ ವರದಿ ಹೇಳಿತು. ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿದ ವರದಿಯದು. ಸುಶ್ರುತ ಪರಂಪರೆಯ ಕೌಶಲ ಹಳ್ಳಿಯ ಕೈಗಳಲ್ಲಿ ಉಳಿದುಕೊಂಡು ಬಂದದ್ದಕ್ಕೆ ಸಾಕ್ಷಿ. ಇಲ್ಲಿ ನಮಗೆ ಬೇಕಾದ ಸಂಗತಿ ಬೇರೆ: ಆ ಹಣೆಯ ಚರ್ಮದ ಬುಡ ಹುಬ್ಬಿನ ಬಳಿ ಅಂಟಿಕೊಂಡೇ ಇತ್ತು. ನಾಳ ಕತ್ತರಿಸಿರಲಿಲ್ಲ, ಹೊಲಿದಿರಲಿಲ್ಲ. ಹೊಲಿಗೆಯೇ ಇಲ್ಲದ ಮೇಲೆ ಹೊಲಿಗೆಯ ಜಾಗದಲ್ಲಿ ಹೆಪ್ಪಿನ ಭಯವೆಲ್ಲಿ?

ದೇಹದ ಒಂದು ಭಾಗವನ್ನು ಪೂರ್ತಿ ಬೇರ್ಪಡಿಸಿ ದೂರದ ಜಾಗಕ್ಕೆ ಒಯ್ಯುವ ಧೈರ್ಯ ಬಂದದ್ದು 1960ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಸೂಕ್ಷ್ಮದರ್ಶಕದ ಕೆಳಗೆ ಪುಟ್ಟ ನಾಳಗಳನ್ನು ಜೋಡಿಸಿ ತೋರಿಸಿದ ಮೇಲೆ. 1972ರಲ್ಲಿ ಮೆಕ್ಲೀನ್ ಮತ್ತು ಬಂಕೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ತಲೆಯ ಗಾಯಕ್ಕೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ಮರುವರ್ಷ ಡೇನಿಯಲ್ ಮತ್ತು ಟೇಲರ್ ತೊಡೆಸಂದಿನ ಚರ್ಮವನ್ನು ಕಾಲಿಗೆ ಒಯ್ದರು. ಫಿಬುಲಾ 1975ರಲ್ಲಿ ಬಂತು, ಅದನ್ನು ದವಡೆಗೆ ಒಗ್ಗಿಸಿದ್ದು 1989ರಲ್ಲಿ ಹಿಡಾಲ್ಗೊ. ಕಸಿಯ ಸಾಧ್ಯತೆ ಬೆಳೆದಂತೆಲ್ಲ ಹೆಪ್ಪಿನ ಪ್ರಶ್ನೆಯೂ ಅದರ ಬೆನ್ನಿಗೇ ಬೆಳೆಯಿತು.

ಹೆಪ್ಪು ಏಕೆ ಕಟ್ಟುತ್ತದೆ ಎಂಬ ಚರ್ಚೆಯೆಲ್ಲ ಜರ್ಮನಿಯ ರುಡಾಲ್ಫ್ ವಿರ್ಕೋ 1856ರಲ್ಲಿ ಬರೆದ ಮಾತುಗಳಿಗೇ ಹೋಗಿ ಮುಟ್ಟುತ್ತದೆ. ಅವರ ಹೆಸರಿನಲ್ಲಿ ಇಂದು ಮೂರು ಕಾರಣಗಳನ್ನು ಕಲಿಸುತ್ತಾರೆ: ಹರಿವು ನಿಧಾನವಾಗುವುದು ಅಥವಾ ಕದಡುವುದು, ನಾಳದ ಒಳಗೋಡೆಗೆ ಗಾಯವಾಗುವುದು, ರಕ್ತದ ಗುಣವೇ ಹೆಪ್ಪಿನ ಕಡೆಗೆ ವಾಲುವುದು. ಫ್ರೀ ಫ್ಲ್ಯಾಪ್‌ನಲ್ಲಿ ಮೊದಲ ಎರಡನ್ನು ಶಸ್ತ್ರವೈದ್ಯರೇ ಅನಿವಾರ್ಯವಾಗಿ ಉಂಟುಮಾಡುತ್ತಾರೆ. ಸೂಜಿ ಚುಚ್ಚಿದಲ್ಲೆಲ್ಲ ಒಳಪದರ ಹರಿಯುತ್ತದೆ, ಅದರಡಿಯ ಕೊಲಾಜನ್ ರಕ್ತಕ್ಕೆ ಸೋಕುತ್ತದೆ, ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಕ್ಲಾಂಪ್ ಹಾಕಿದಷ್ಟು ಹೊತ್ತು ಹರಿವು ನಿಂತಿರುತ್ತದೆ. ನಾಳ ಸ್ವಲ್ಪ ತಿರುಚಿಕೊಂಡರೂ ಎಳೆತ ಹೆಚ್ಚಾದರೂ ಮೇಲಿನಿಂದ ಊತ ಒತ್ತಿದರೂ ಹರಿವು ಕೆಡುತ್ತದೆ. ರೇಡಿಯೇಷನ್ ಪಡೆದ ಕುತ್ತಿಗೆಯ ನಾಳಗಳು ಗಟ್ಟಿಯಾಗಿ, ಪುಡಿಯಾಗುವಂತಿರುತ್ತವೆ. ಖೌರಿಯವರ ಅಧ್ಯಯನದಲ್ಲಿ ಫ್ಲ್ಯಾಪ್ ಕಳೆದುಕೊಂಡದ್ದಕ್ಕೆ ಸಂಬಂಧ ತೋರಿದ ಅಂಶಗಳಲ್ಲಿ ರೇಡಿಯೇಷನ್ ಒಂದು. ಮೂರನೆಯ ಕಾರಣವಾದ ರಕ್ತದ ಗುಣವನ್ನು ಮಾತ್ರ ಪ್ರಯೋಗಾಲಯ ಅಳೆಯಬಲ್ಲದು. ಅಂದರೆ ಪರೀಕ್ಷೆ ಎಷ್ಟೇ ಪರಿಪೂರ್ಣವಾದರೂ ಅದಕ್ಕೆ ಕಾಣುವುದು ಚಿತ್ರದ ಮೂರನೇ ಒಂದು ಭಾಗ. ನುರಿತ ಕೈ ಸರಿಯಾಗಿ ಹೊಲಿದ ನಾಳದಲ್ಲಿ ಅತಿ ಹೆಪ್ಪಿನ ರಕ್ತವೂ ಹರಿದೀತು. ತಿರುಚಿದ ನಾಳದಲ್ಲಿ ಅತ್ಯಂತ ಆರೋಗ್ಯವಂತನ ರಕ್ತವೂ ನಿಂತೀತು.

ಈಗ ಪರೀಕ್ಷೆಗಳಿಗೆ ಬರೋಣ. ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರಿಗೂ ಬರೆದುಕೊಡುವ ಪಿಟಿ, ಐಎನ್‌ಆರ್, ಎಪಿಟಿಟಿ ಮೂರೂ ಕೇಳುವ ಪ್ರಶ್ನೆ ಒಂದೇ: ಈ ರಕ್ತ ಹೆಪ್ಪುಗಟ್ಟಲು ತಡ ಮಾಡುತ್ತದೆಯೇ? ಪಿಟಿಯನ್ನು 1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ರೂಪಿಸಿದರು. ಎಪಿಟಿಟಿಯ ಮೂಲರೂಪ 1953ರಲ್ಲಿ ಹಿಮೋಫಿಲಿಯಾ ಅಧ್ಯಯನದಿಂದ ಬಂತು. ಎರಡೂ ರಕ್ತಸ್ರಾವದ ರೋಗಗಳನ್ನು ಹಿಡಿಯಲು ಹುಟ್ಟಿದ ಪರೀಕ್ಷೆಗಳು. ರಕ್ತಕಣಗಳನ್ನು ಬೇರ್ಪಡಿಸಿದ ಪ್ಲಾಸ್ಮಾದಲ್ಲಿ ಹೆಪ್ಪಿನ ಮೊದಲ ಫೈಬ್ರಿನ್ ಎಳೆ ಕಂಡ ಕ್ಷಣಕ್ಕೆ ಗಡಿಯಾರ ನಿಲ್ಲುತ್ತದೆ. ಆ ಹೊತ್ತಿಗೆ ಹೆಪ್ಪು ಕಟ್ಟಿಸುವ ಒಟ್ಟು ಥ್ರಾಂಬಿನ್‌ನಲ್ಲಿ ಹುಟ್ಟಿರುವುದು ಸುಮಾರು ನೂರಕ್ಕೆ ಐದರಷ್ಟು ಮಾತ್ರ. ಮುಂದೆ ಹೆಪ್ಪು ಎಷ್ಟು ದಪ್ಪವಾಯಿತು, ಎಷ್ಟು ಗಟ್ಟಿಯಾಯಿತು, ಕರಗಿತೇ ಉಳಿಯಿತೇ ಎಂಬುದೆಲ್ಲ ಆ ಗಡಿಯಾರದ ಆಚೆಗೆ. ಪ್ಲೇಟ್‌ಲೆಟ್‌ಗಳಂತೂ ಲೆಕ್ಕದಲ್ಲೇ ಇಲ್ಲ. ‘ಐಎನ್‌ಆರ್ ಒಂದು, ಎಲ್ಲ ಸರಿಯಿದೆ’ ಎಂಬ ವರದಿ ರಕ್ತಸ್ರಾವದ ಬಗ್ಗೆ ಒಂದಿಷ್ಟು ಭರವಸೆ ಕೊಡುತ್ತದೆ. ನಾಳದೊಳಗೆ ಹೆಪ್ಪುಗಟ್ಟುವ ಥ್ರಾಂಬೋಸಿಸ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ಏನನ್ನೂ ಹೇಳದಿದ್ದರೆ ಹೋಗಲಿ, ಒಮ್ಮೊಮ್ಮೆ ತಿರುಗಾಮುರುಗಾ ಹೇಳುತ್ತದೆ. ಲೂಪಸ್ ಆಂಟಿಕೊಆಗ್ಯುಲಂಟ್ ಎಂಬ ಪ್ರತಿಕಾಯ ಇದ್ದವರ ಎಪಿಟಿಟಿ ಉದ್ದವಾಗಿ ಬರುತ್ತದೆ, ಏಕೆಂದರೆ ಪರೀಕ್ಷಾ ನಳಿಕೆಯಲ್ಲಿ ಹೆಪ್ಪಿಗೆ ಬೇಕಾದ ಫಾಸ್ಫೋಲಿಪಿಡ್ ಅನ್ನು ಆ ಪ್ರತಿಕಾಯ ಹಿಡಿದುಕೊಂಡುಬಿಡುತ್ತದೆ. ವರದಿ ನೋಡಿದವರು ಈ ರೋಗಿಗೆ ರಕ್ತ ಹೆಚ್ಚು ಹೋದೀತು ಎಂದು ಹೆದರುತ್ತಾರೆ. ದೇಹದೊಳಗೆ ಆಗುವುದು ತದ್ವಿರುದ್ಧ. ಕಾಲಿನ ಅಭಿಧಮನಿಯಲ್ಲಿ, ಮಿದುಳಿನ ಅಪಧಮನಿಯಲ್ಲಿ, ಗರ್ಭಿಣಿಯರ ಮಾಸಿನಲ್ಲಿ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನ ಗುರುತು ಇದು. ಬ್ರಿಟನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಪುನರ್‌ರಚನಾ ಶಸ್ತ್ರವೈದ್ಯರು ಅತ್ಯಂತ ಹೆದರಬೇಕಾದ ರೋಗಿಯ ವರದಿಯಲ್ಲಿ ‘ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ’ ಎಂದಿರುತ್ತದೆ. ಕಾರಣ ತಿಳಿಯದೆ ಉದ್ದವಾಗಿರುವ ಎಪಿಟಿಟಿಯನ್ನು ಪ್ಲಾಸ್ಮಾ ಏರಿಸಿ ‘ಸರಿಪಡಿಸಿ’ ಮುಂದಕ್ಕೆ ಹೋಗುವುದು ಎಂಥ ಅಪಾಯವೆಂದು ಇದರಿಂದ ತಿಳಿಯುತ್ತದೆ.

ಪ್ಲೇಟ್‌ಲೆಟ್ ಸಂಖ್ಯೆ, ಫೈಬ್ರಿನ್ ಆಗಿ ಮಾರ್ಪಡುವ ಫೈಬ್ರಿನೋಜನ್ ಮಟ್ಟ ಮತ್ತು ಹೆಪ್ಪು ಕರಗುವಾಗ ಉಳಿಯುವ ಚೂರಾದ ಡಿ-ಡೈಮರ್ ಅಗ್ಗದ, ಎಲ್ಲೆಡೆ ಸಿಗುವ ಪರೀಕ್ಷೆಗಳು. ಇವು ಹೆಪ್ಪಿನ ಕಡೆಗೆ ನೋಡುತ್ತವೆ ಎಂಬುದೇನೋ ನಿಜ. ತೊಂದರೆಯೆಂದರೆ ಕ್ಯಾನ್ಸರ್ ಇದ್ದವರಲ್ಲಿ, ಅಪಘಾತವಾದವರಲ್ಲಿ, ಸೋಂಕಿರುವವರಲ್ಲಿ ಮೂರೂ ಏರುತ್ತವೆ. ಫ್ರೀ ಫ್ಲ್ಯಾಪ್ ಬೇಕಾಗುವವರು ಇವರೇ. ಕ್ಯಾನ್ಸರ್ ಮತ್ತು ಹೆಪ್ಪಿನ ನಂಟನ್ನು ಫ್ರಾನ್ಸಿನ ಟ್ರೂಸೋ 1865ರಲ್ಲೇ ಬೋಧಿಸಿದ್ದರು. ಬಹುಪಾಲು ರೋಗಿಗಳಲ್ಲಿ ಏರಿಯೇ ಇರುವ ಸಂಖ್ಯೆ, ಅವರೊಳಗೆ ಯಾರಿಗೆ ತೊಂದರೆಯಾದೀತು ಎಂದು ಬೇರ್ಪಡಿಸಿ ತೋರಿಸಲಾರದು. ಡಿ-ಡೈಮರ್ ಕಾಲಿನ ಹೆಪ್ಪು ಇಲ್ಲವೆಂದು ಹೇಳಲು ಉಪಯುಕ್ತ. ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಎಲ್ಲರಲ್ಲೂ ಏರುವುದರಿಂದ ಆ ಉಪಯೋಗವೂ ಕೈತಪ್ಪುತ್ತದೆ.

ಆದರೂ ಪ್ಲೇಟ್‌ಲೆಟ್ ಕತೆಯನ್ನು ಇನ್ನಷ್ಟು ನೋಡಬೇಕು. ಯುಗೊಸ್ಲಾವಿಯಾದ ಲ್ಯುಬ್ಲ್ಯಾನಾದಲ್ಲಿ ಕೆಲಸ ಮಾಡಿದ ಮಾರ್ಕೊ ಗೊಡಿನಾ ಅವರ 532 ರೋಗಿಗಳ ಅನುಭವ 1986ರಲ್ಲಿ ಪ್ರಕಟವಾಯಿತು. ಕೈಕಾಲಿನ ತೀವ್ರ ಗಾಯಗಳಿಗೆ 72 ಗಂಟೆಯೊಳಗೆ ಫ್ಲ್ಯಾಪ್ ಹಾಕಿದವರಲ್ಲಿ ವಿಫಲವಾದದ್ದು ನೂರಕ್ಕೆ 0.75 ಮಾತ್ರ. ಮೂರು ದಿನ ದಾಟಿ ಮೂರು ತಿಂಗಳೊಳಗೆ ಮಾಡಿದವರಲ್ಲಿ ಅದು ನೂರಕ್ಕೆ 12. ಗಾಯದ ಸುತ್ತಲಿನ ನಾಳಗಳ ಊತ, ನಾರುಗಟ್ಟುವಿಕೆ ಇದಕ್ಕೆ ಮುಖ್ಯ ಕಾರಣವೆಂದು ಆಗ ತಿಳಿದರು. ಗಾಯವಾದ ಎರಡನೇ ಮೂರನೇ ವಾರದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಏರುವುದೂ ಇದರಲ್ಲಿ ಪಾಲುದಾರನಿರಬಹುದೆಂದು ನಂತರದವರು ವಾದಿಸಿದರು. ಎರಡೂ ಕಾರಣಗಳು ಒಂದೇ ಕಾಲದಲ್ಲಿ ಬರುವುದರಿಂದ ಯಾವುದರ ತಪ್ಪೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಗೊಡಿನಾ ಕಲಿಸಿದ್ದನ್ನು ಪಾಲಿಸಲು ರಕ್ತಪರೀಕ್ಷೆಯೇ ಬೇಡ, ಗಾಯಾಳುವನ್ನು ಬೇಗ ಸರಿಯಾದ ಕೇಂದ್ರಕ್ಕೆ ಮುಟ್ಟಿಸಿದರೆ ಸಾಕು. ನಮ್ಮ ಹೆದ್ದಾರಿಗಳಲ್ಲಿ ಕಾಲು ಜಜ್ಜಿಹೋದ ಯುವಕರು ಒಂದು ಊರಿನಿಂದ ಇನ್ನೊಂದು ಊರಿಗೆ ಅಲೆದು ವಾರಗಳ ನಂತರ ಮೈಕ್ರೋಸರ್ಜರಿ ಇರುವ ಆಸ್ಪತ್ರೆ ಸೇರುವುದನ್ನು ನೋಡಿದರೆ, ಯಾವ ದುಬಾರಿ ಪರೀಕ್ಷೆಗಿಂತಲೂ ಇದು ಮೊದಲು ಸರಿಹೋಗಬೇಕು ಅನಿಸುತ್ತದೆ.

ಪರೀಕ್ಷೆಗಳ ಮೂರನೇ ಗುಂಪು ಹುಟ್ಟಿನಿಂದ ಬರುವ ಹೆಪ್ಪಿನ ಒಲವನ್ನು ಹುಡುಕುವಂಥದು. ಹೆಪ್ಪು ತಡೆಯುವ ಪ್ರೋಟೀನ್ ಆದ ಆಂಟಿಥ್ರಾಂಬಿನ್ ಕೊರತೆಯನ್ನು ನಾರ್ವೆಯ ಎಗೆಬರ್ಗ್ 1965ರಲ್ಲಿ ಒಂದು ಕುಟುಂಬದಲ್ಲಿ ಗುರುತಿಸಿದರು. ಅದೇ ಕೆಲಸದ ಪ್ರೋಟೀನ್ ಸಿ ಮತ್ತು ಎಸ್ ಕೊರತೆಗಳು ಎಂಬತ್ತರ ದಶಕದಲ್ಲಿ ತಿಳಿದುಬಂದವು. 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಐದನೇ ಫ್ಯಾಕ್ಟರ್‌ನ ಜೀನ್ ಬದಲಾವಣೆ ಪತ್ತೆಯಾಗಿ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಹೆಸರು ಪಡೆಯಿತು. ಎರಡು ವರ್ಷ ಬಿಟ್ಟು ಪ್ರೋಥ್ರಾಂಬಿನ್ ಜೀನ್‌ನ ಬದಲಾವಣೆ ಸಿಕ್ಕಿತು. ಯುರೋಪಿಯನ್ ಮೂಲದವರಲ್ಲಿ ಸುಮಾರು ನೂರಕ್ಕೆ ಐದು ಜನರಲ್ಲಿ ಲೈಡನ್ ಬದಲಾವಣೆ ಇದೆ. ಭಾರತೀಯರಲ್ಲಿ ಅದು ಬಹಳ ಕಡಿಮೆ. ಹೀಗಿರುವಾಗ ಪಾಶ್ಚಾತ್ಯ ದೇಶಗಳ ಪರೀಕ್ಷಾಪಟ್ಟಿಯನ್ನು ಹಾಗೆಯೇ ತಂದು ಇಲ್ಲಿನ ರೋಗಿಯ ಮೇಲೆ ಹೇರಿದರೆ ಹಣ ಹೋಗುತ್ತದೆ, ತಿಳಿವಳಿಕೆ ಬರುವುದಿಲ್ಲ. ನಮ್ಮಲ್ಲಿ ನೋಡಬೇಕಾದದ್ದು ಬೇರೆಯೂ ಇದೆ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳೇ ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ನಾಳಗಳನ್ನು ಮುಚ್ಚುವ ಈ ಕಾಯಿಲೆ, ಫ್ಲ್ಯಾಪ್‌ಗೆ ರಕ್ತ ನಿಂತಿರುವ ಆ ಒಂದೆರಡು ಗಂಟೆಗಳಲ್ಲಿ ವಿಶೇಷ ಅಪಾಯಕಾರಿ. ಸೋಲಿಗ ಅಥವಾ ಜೇನುಕುರುಬ ರೋಗಿಗೆ ಕಡಿಮೆ ಖರ್ಚಿನ ಸಿಕ್ಲಿಂಗ್ ಪರೀಕ್ಷೆ ಮಾಡದೆ ಜೀನ್ ಪರೀಕ್ಷೆಗಳ ದೊಡ್ಡ ಪಟ್ಟಿ ಬರೆಯುವುದರಲ್ಲಿ ಅರ್ಥವಿಲ್ಲ.

ಈ ಗುಂಪಿನ ಪರೀಕ್ಷೆಗಳನ್ನು ಯಾವಾಗ ಮಾಡಬೇಕೆಂಬುದೂ ಒಂದು ವಿದ್ಯೆ. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಪ್ರೋಟೀನ್ ಸಿ, ಎಸ್ ಎರಡೂ ಕಡಿಮೆ ಕಾಣುತ್ತವೆ. ಅದೇ ಉದ್ದೇಶದ ಹೆಪಾರಿನ್ ಚುಚ್ಚುಮದ್ದಿನ ಮೇಲಿರುವವರಲ್ಲಿ ಆಂಟಿಥ್ರಾಂಬಿನ್ ಇಳಿಯುತ್ತದೆ. ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಕಡಿಮೆ. ಹೊಸದಾಗಿ ಹೆಪ್ಪು ಕಟ್ಟಿದಾಗ ಮೂರೂ ಖರ್ಚಾಗಿ ಇಳಿದಿರಬಹುದು. ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಒಮ್ಮೆ ಕಂಡರೆ ಸಾಲದು, 12 ವಾರ ಬಿಟ್ಟು ಮತ್ತೆ ಕಾಣಬೇಕು. ಫ್ಲ್ಯಾಪ್ ಕಪ್ಪಾದ ರಾತ್ರಿ ಗಾಬರಿಯಲ್ಲಿ ಕಳಿಸಿದ ಥ್ರಾಂಬೋಫಿಲಿಯಾ (ಹೆಪ್ಪಿನ ಒಲವು) ಪಟ್ಟಿಯ ಅರ್ಧ ಫಲಿತಾಂಶಗಳು ಹೀಗೆ ದಾರಿ ತಪ್ಪಿಸುವಂಥವು.

ಇಷ್ಟೆಲ್ಲ ಕೊರತೆಗಳನ್ನು ಕಂಡವರಿಗೆ, ಹೆಪ್ಪಿನ ಗಟ್ಟಿತನವನ್ನೇ ಅಳೆಯುವ ವಿಸ್ಕೊಇಲಾಸ್ಟಿಕ್ ಪರೀಕ್ಷೆ ಆಸೆ ಹುಟ್ಟಿಸಿದ್ದು ಸಹಜ. ಜರ್ಮನಿಯ ಹೆಲ್ಮುಟ್ ಹಾರ್ಟರ್ಟ್ 1948ರಲ್ಲಿ ಪ್ರಕಟಿಸಿದ, ಈ ಬಗೆಯ ಪರೀಕ್ಷೆಯಾದ ಥ್ರಾಂಬೋಇಲಾಸ್ಟೋಗ್ರಫಿಯ ಉಪಾಯ ಸೊಗಸಾದದ್ದು. ದೇಹದ ಉಷ್ಣತೆಯಲ್ಲಿಟ್ಟ ಪುಟ್ಟ ಬಟ್ಟಲಿಗೆ ಒಂದು ಮಿಲಿಲೀಟರಿನ ಮೂರನೇ ಒಂದು ಭಾಗದಷ್ಟು ಪೂರ್ಣ ರಕ್ತ ಹಾಕಿ, ಅದರೊಳಗೆ ಒಂದು ಕಡ್ಡಿ ಇಳಿಬಿಟ್ಟು, ಬಟ್ಟಲನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಾರೆ. ರಕ್ತ ತೆಳುವಾಗಿರುವಾಗ ಕಡ್ಡಿ ಅಲುಗದು. ಹೆಪ್ಪು ಮೂಡಿದಂತೆ ಬಟ್ಟಲಿನ ಚಲನೆ ಕಡ್ಡಿಗೆ ದಾಟಿ ಒಂದು ರೇಖೆ ಬರೆಯುತ್ತದೆ. ರೇಖೆ ಎಷ್ಟು ಹೊತ್ತಿಗೆ ಕವಲೊಡೆಯಿತು, ಎಷ್ಟು ಕಡಿದಾಗಿ ಏರಿತು, ಎಷ್ಟು ಅಗಲವಾಯಿತು, ಮತ್ತೆ ಯಾವಾಗ ಕಿರಿದಾಯಿತು ಎಂಬುದರಲ್ಲಿ ಹೆಪ್ಪಿನ ಹುಟ್ಟು, ಬೆಳವಣಿಗೆ, ಬಲ, ಕರಗುವಿಕೆ ಎಲ್ಲ ಕಾಣುತ್ತದೆ. ಕಡ್ಡಿಯೇ ತಿರುಗುವ ಇನ್ನೊಂದು ಬಗೆಗೆ ರೋಟೆಮ್ ಎಂಬ ಹೆಸರು. 1985ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಯಕೃತ್ತಿನ ಕಸಿಯ ವೇಳೆ ಇದರ ಉಪಯೋಗ ಎದ್ದುಕಂಡಿತು. ಇಂದು ಹೃದಯ ಶಸ್ತ್ರಚಿಕಿತ್ಸೆ, ಹೆರಿಗೆಯ ರಕ್ತಸ್ರಾವ, ಅಪಘಾತ ವಿಭಾಗಗಳಲ್ಲಿ ಯಾವ ರಕ್ತಾಂಶ ಕೊಡಬೇಕೆಂದು ನಿರ್ಧರಿಸಲು ಇದನ್ನು ಬಳಸುತ್ತಾರೆ. ರಕ್ತ ಹೋಗುತ್ತಿರುವಾಗ ಇದು ಕೊಡುವ ನೆರವು ನಿಸ್ಸಂದೇಹ.

ಹೆಪ್ಪಿನ ಅಪಾಯ ಹೇಳುವ ಕೆಲಸಕ್ಕೆ ಇದನ್ನು ತಿರುಗಿಸಿದವರಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು ಮುಖ್ಯ. ಹೆಪ್ಪಿನ ಬಲದಲ್ಲಿ ಫೈಬ್ರಿನೋಜನ್ ಪಾಲೆಷ್ಟು, ಪ್ಲೇಟ್‌ಲೆಟ್ ಪಾಲೆಷ್ಟು ಎಂದು ಬೇರೆ ಮಾಡಿ, ಆ ಅನುಪಾತ ಶಸ್ತ್ರಚಿಕಿತ್ಸೆಗೆ ಮೊದಲು ನೂರಕ್ಕೆ 42ರ ಆಸುಪಾಸನ್ನು ದಾಟಿದ್ದವರಲ್ಲಿ ಹೆಪ್ಪಿನ ತೊಡಕು ಹೆಚ್ಚೆಂದು 2012ರ ಪ್ರಾಥಮಿಕ ಅಧ್ಯಯನದಲ್ಲಿ ಅವರು ಬರೆದರು. ಎರಡು ವರ್ಷದ ನಂತರ ಜರ್ಮನಿಯ ಬೋಖುಮ್‌ನಿಂದ ರೋಟೆಮ್ ಬಳಸಿ ಹತ್ತಿರದ್ದೇ ಫಲಿತಾಂಶ ಬಂತು. ಲಾಟ್ವಿಯಾದ ರೀಗಾದಲ್ಲೂ ಇದೇ ಜಾಡಿನ ಕೆಲಸ ನಡೆದಿದೆ. ಬೇರೆ ಬೇರೆ ದೇಶಗಳಲ್ಲಿ ಫೈಬ್ರಿನೋಜನ್ ಕಡೆಗೇ ಬೆರಳು ತೋರಿರುವುದನ್ನು ತಳ್ಳಿಹಾಕುವಂತಿಲ್ಲ. ಆದರೆ ಇವೆಲ್ಲ ಚಿಕ್ಕ ಅಧ್ಯಯನಗಳು. ತೊಡಕು ಕಂಡವರು ಬೆರಳೆಣಿಕೆಯಷ್ಟಿದ್ದಾಗ ಒಬ್ಬಿಬ್ಬರ ಫಲಿತಾಂಶ ಬದಲಾದರೂ ಗಡಿರೇಖೆ ಅಲುಗುತ್ತದೆ. ಇನ್ನೂ ಮೂಲಭೂತವಾದ ಮಿತಿಯೊಂದಿದೆ: ಬಟ್ಟಲಿನಲ್ಲಿ ನಾಳದ ಒಳಪದರವಿಲ್ಲ, ಹರಿವಿಲ್ಲ. ಆಸ್ಪಿರಿನ್ ನುಂಗಿದವರ ರಕ್ತವೂ ಸಾಮಾನ್ಯ ಥ್ರಾಂಬೋಇಲಾಸ್ಟೋಗ್ರಫಿಯಲ್ಲಿ ಬಹುತೇಕ ವ್ಯತ್ಯಾಸ ತೋರದು. ಮೇಲಾಗಿ ಶಸ್ತ್ರಚಿಕಿತ್ಸೆಯೇ ಫೈಬ್ರಿನೋಜನ್ ಅನ್ನು ಏರಿಸುತ್ತದೆ. ಹಿಂದಿನ ದಿನ ತೆಗೆದ ರಕ್ತ ಮೂರನೇ ದಿನದ ರಕ್ತವಲ್ಲ.

ಸಂಖ್ಯೆಗಳನ್ನಿಟ್ಟು ನೋಡಿದರೆ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಸಾವಿರ ರೋಗಿಗಳಲ್ಲಿ ಐವತ್ತು ಜನರಿಗೆ ನಾಳ ಮುಚ್ಚಿಕೊಳ್ಳುತ್ತದೆ ಎಂದುಕೊಳ್ಳಿ. ಒಂದು ಒಳ್ಳೆಯ ಪರೀಕ್ಷೆ ತೊಂದರೆಯಾಗುವ ನೂರರಲ್ಲಿ ಎಂಬತ್ತು ಜನರನ್ನು ಹಿಡಿಯುತ್ತದೆ, ತೊಂದರೆಯಾಗದ ನೂರರಲ್ಲಿ ಎಂಬತ್ತು ಜನರನ್ನು ಸರಿಯಾಗಿ ಬಿಡುತ್ತದೆ ಎಂದೂ ಇಟ್ಟುಕೊಳ್ಳಿ. ಐವತ್ತರಲ್ಲಿ ನಲವತ್ತು ಸಿಕ್ಕರು. ಉಳಿದ 950 ಜನರಲ್ಲಿ 190 ಜನ ಸುಮ್ಮನೆ ಅಪಾಯದ ಪಟ್ಟಿಗೆ ಬಿದ್ದರು. ಪಟ್ಟಿಯಲ್ಲಿರುವ 230 ಜನರಲ್ಲಿ ನಿಜವಾಗಿ ತೊಂದರೆಯಾಗುವವರು ಸುಮಾರು ಆರರಲ್ಲಿ ಒಬ್ಬರು ಮಾತ್ರ. ಪಟ್ಟಿಯ ಹೊರಗೆ ನಿರಾಳರಾಗಿದ್ದವರಲ್ಲೂ ಹತ್ತು ಜನರ ನಾಳ ಮುಚ್ಚಿತು. ಹಾಗಾದರೆ ಈ 230 ಜನರಿಗೆ ಏನು ಮಾಡೋಣ? ಎಲ್ಲರಿಗೂ ದೊಡ್ಡ ಪ್ರಮಾಣದ ಹೆಪಾರಿನ್ ಕೊಡೋಣವೇ?

ಹೆಪಾರಿನ್‌ಗೆ ತನ್ನದೇ ಬೆಲೆಯಿದೆ. ಗಾಯದೊಳಗೆ ರಕ್ತ ಸೋರಿ ಶೇಖರವಾದರೆ ಅದೇ ಅಭಿಧಮನಿಯನ್ನು ಒತ್ತಿ ಫ್ಲ್ಯಾಪ್ ಕೊಲ್ಲುತ್ತದೆ. ಹೆಪ್ಪು ತಡೆಯಲು ಕೊಟ್ಟ ಔಷಧವೇ ಹೆಪ್ಪಿಗೆ ದಾರಿಯಾಗುವ ಸ್ಥಿತಿಯಿದು. ಖೌರಿಯವರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಚರ್ಮದಡಿ ಕೊಡುವ ಸಣ್ಣ ಪ್ರಮಾಣದ ಹೆಪಾರಿನ್‌ಗೆ ಮಾತ್ರ ಥ್ರಾಂಬೋಸಿಸ್ ಕಡಿಮೆಯಾದುದರ ಸಂಬಂಧ ಕಂಡಿತ್ತು. ಹೆಪ್ಪು ತಡೆಯಲು ಒಂದು ಕಾಲದಲ್ಲಿ ಎಲ್ಲೆಡೆ ಕೊಡುತ್ತಿದ್ದ ಡೆಕ್ಸ್‌ಟ್ರಾನ್ ಅನ್ನು ನ್ಯೂಯಾರ್ಕಿನ ಡೀಸಾ ಮತ್ತಿತರರು ಆಸ್ಪಿರಿನ್ ಜೊತೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಫ್ಲ್ಯಾಪ್ ಉಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಡೆಕ್ಸ್‌ಟ್ರಾನ್ ಪಡೆದವರಲ್ಲಿ ದೇಹದ ಇತರ ತೊಡಕುಗಳು ಹಲವು ಪಟ್ಟು ಹೆಚ್ಚಿದವು. ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿದು ಹೆಪ್ಪುಗಟ್ಟುವ ಅಪರೂಪದ ಪ್ರತಿಕ್ರಿಯೆಯೂ ಇದೆ. ಔಷಧ ಶುರುವಾದ ಐದರಿಂದ ಹತ್ತು ದಿನಗಳಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕಿಳಿದರೆ ಸಂಶಯಪಡಬೇಕು. ಈ ಸಂದರ್ಭದಲ್ಲಿ ಸರಳವಾದ ಪ್ಲೇಟ್‌ಲೆಟ್ ಎಣಿಕೆಯೇ ಜೀವ ಉಳಿಸುವ ಪರೀಕ್ಷೆ.

ಹಾಗಾದರೆ ಹೆಪ್ಪಿನ ಪರೀಕ್ಷೆಗಳು ವ್ಯರ್ಥವೇ? ಖಂಡಿತ ಅಲ್ಲ. ಆಯ್ದು ಮಾಡಿದಾಗ ಅವುಗಳ ಬಲ ಕಾಣುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2012ರಲ್ಲಿ, ಮೊದಲೇ ಹೆಪ್ಪಿನ ಒಲವು ತಿಳಿದಿದ್ದ ರೋಗಿಗಳಿಗೆ ಹಾಕಿದ 58 ಫ್ಲ್ಯಾಪ್‌ಗಳ ವಿವರ ಕೊಟ್ಟಿತು. ಐದರಲ್ಲಿ ಒಂದರಷ್ಟು ಫ್ಲ್ಯಾಪ್‌ಗಳಲ್ಲಿ ಹೆಪ್ಪು ಕಂಡಿತು. ಹೆಚ್ಚು ಎದೆಗುಂದಿಸುವುದು ಮುಂದಿನ ಸಾಲು: ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಚ್ಚಿಕೊಂಡ ಒಂದನ್ನೂ ಮತ್ತೆ ಉಳಿಸಿಕೊಳ್ಳಲಾಗಲಿಲ್ಲ. ಸಾಮಾನ್ಯ ರೋಗಿಗಳಲ್ಲಿ ಮತ್ತೆ ಥಿಯೇಟರಿಗೆ ಒಯ್ದರೆ ಅರ್ಧಕ್ಕಿಂತ ಹೆಚ್ಚು ಉಳಿಯುವಾಗ ಇಲ್ಲಿ ಶೂನ್ಯ. ಇಂಥ ರೋಗಿಗೆ ಮೊದಲೇ ಗೊತ್ತಾದರೆ ಯೋಜನೆಯೇ ಬದಲಾಗಬಹುದು. ದವಡೆ, ಕೆನ್ನೆಯ ದೋಷಕ್ಕೆ ಎದೆಯ ಸ್ನಾಯುವನ್ನು ಬುಡ ಕತ್ತರಿಸದೆ ಮೇಲಕ್ಕೆ ತಿರುಗಿಸುವ, 1979ರಲ್ಲಿ ಅರಿಯನ್ ಪರಿಚಯಿಸಿದ ಫ್ಲ್ಯಾಪ್ ಇದೆ. ಅಂದ ಸ್ವಲ್ಪ ಕಡಿಮೆ, ಮೂಳೆ ಸಿಗದು. ಆದರೆ ನಾಳದ ಹೊಲಿಗೆಯಿಲ್ಲ. ಸ್ತನದ ಪುನರ್‌ರಚನೆಗೆ ಬರುವವರಲ್ಲಿ ಹಲವರು ಟ್ಯಾಮೋಕ್ಸಿಫೆನ್ ಮಾತ್ರೆಯ ಮೇಲಿರುತ್ತಾರೆ. ಅದೂ ಹೆಪ್ಪಿನ ಒಲವು ಹೆಚ್ಚಿಸುವುದರಿಂದ ಕ್ಯಾನ್ಸರ್ ತಜ್ಞರೊಂದಿಗೆ ಮಾತಾಡಿ ಕೆಲವು ವಾರ ನಿಲ್ಲಿಸುವ ಕ್ರಮ ಹಲವೆಡೆ ಇದೆ. ಫ್ರೀ ಫ್ಲ್ಯಾಪ್ ಅನಿವಾರ್ಯವಾದರೆ ರಕ್ತರೋಗ ತಜ್ಞರನ್ನು ಮೊದಲೇ ತಂಡಕ್ಕೆ ಸೇರಿಸಿ, ಔಷಧದ ಪ್ರಮಾಣವನ್ನು ಅಳೆದು ಕೊಡಬಹುದು.

ಅಳೆದು ಕೊಡುವ ಈ ಮಾತು ಫ್ಲ್ಯಾಪ್‌ಗಷ್ಟೇ ಅಲ್ಲ, ರೋಗಿಯ ಜೀವಕ್ಕೂ ಮುಖ್ಯ. ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹಾರುವುದು ಫ್ಲ್ಯಾಪ್ ಸಾಯುವುದಕ್ಕಿಂತ ದೊಡ್ಡ ಅನಾಹುತ. ಅದರ ಅಂದಾಜಿಗೆ ವಯಸ್ಸು, ತೂಕ, ಕ್ಯಾನ್ಸರ್, ಹಿಂದಿನ ಹೆಪ್ಪು, ಕುಟುಂಬದ ಇತಿಹಾಸ ಇತ್ಯಾದಿಗೆ ಅಂಕ ಕೊಡುವ ಕ್ಯಾಪ್ರಿನಿ ಅಂಕಪಟ್ಟಿ ಇದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ರೋಗಿಗಳ 2011ರ ಅಧ್ಯಯನದಲ್ಲಿ ಹೆಪ್ಪುನಿರೋಧಕ ಔಷಧ ಪಡೆಯದೆ ಎಂಟಕ್ಕಿಂತ ಹೆಚ್ಚು ಅಂಕ ಇದ್ದವರಲ್ಲಿ ನೂರಕ್ಕೆ 11.3 ಜನರಿಗೆ ಇಂಥ ಹೆಪ್ಪಾಯಿತು. ಮೂರು ನಾಲ್ಕು ಅಂಕ ಇದ್ದವರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ. ಒಂದು ಹನಿ ರಕ್ತ ತೆಗೆಯದೆ, ರೋಗಿಯನ್ನು ಕೂರಿಸಿ ಕೇಳಿ ಬರೆದ ಅಂಕಗಳು ಇಷ್ಟು ಬೇರ್ಪಡಿಸಿ ತೋರಿಸಿದವು. ಇದೇ ಕ್ಷೇತ್ರದಲ್ಲಿ ಪನುಚಿ ಮತ್ತಿತರರು ಇನ್ನೊಂದು ಕೆಲಸ ಮಾಡಿದರು. ಎಲ್ಲರಿಗೂ ದಿನಕ್ಕೆ 40 ಮಿಲಿಗ್ರಾಂ ಎನಾಕ್ಸಪರಿನ್ (ಹೆಪಾರಿನ್‌ನ ಒಂದು ಬಗೆ) ಕೊಟ್ಟು, ಅದರ ಪರಿಣಾಮ ತೋರುವ ಆಂಟಿ-ಟೆನ್-ಎ ಮಟ್ಟವನ್ನು ರಕ್ತದಲ್ಲಿ ಅಳೆದಾಗ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಔಷಧ ಸಾಕಷ್ಟು ಇರಲಿಲ್ಲ. ಭವಿಷ್ಯ ಹೇಳುವ ಪರೀಕ್ಷೆಗಿಂತ, ಕೊಟ್ಟ ಔಷಧ ಕೆಲಸ ಮಾಡುತ್ತಿದೆಯೇ ಎಂದು ಹೇಳುವ ಪರೀಕ್ಷೆ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಮೊದಲ ಮೂರು ದಿನ ಗಂಟೆಗೊಮ್ಮೆ ಫ್ಲ್ಯಾಪ್‌ನ ಬಣ್ಣ, ಬಿಸಿ, ಒತ್ತಿ ಬಿಟ್ಟಾಗ ರಕ್ತ ಮರಳುವ ವೇಗ, ಡಾಪ್ಲರ್ ಸದ್ದು ನೋಡುವ ನರ್ಸ್‌ನ ಕೆಲಸಕ್ಕೆ ಇವಾವುವೂ ಬದಲಿಯಲ್ಲ. ನಾಳ ಮುಚ್ಚಿಯೂ ಉಳಿದ ಫ್ಲ್ಯಾಪ್‌ಗಳಲ್ಲಿ ಹೆಚ್ಚಿನವು ಉಳಿದದ್ದು ಆ ಕಣ್ಣುಗಳಿಂದ.

ತಂಬಾಕು, ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಇಷ್ಟು ವ್ಯಾಪಕವಾಗಿರುವ ನಾಡು ನಮ್ಮದು. ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗಳು ತಮ್ಮ ಫ್ಲ್ಯಾಪ್ ರೋಗಿಗಳ ಹೆಪ್ಪಿನ ಪರೀಕ್ಷೆ, ಚಿಕಿತ್ಸೆ, ಫಲಿತಾಂಶಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಿ ಒಟ್ಟುಗೂಡಿಸಿದರೆ, ಯುರೋಪಿನ ಚಿಕ್ಕ ಅಧ್ಯಯನಗಳು ಅರ್ಧಕ್ಕೆ ಬಿಟ್ಟ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಬರಬಹುದು. ಫೈಬ್ರಿನೋಜನ್ ಅನುಪಾತ ನಿಜಕ್ಕೂ ಏನಾದರೂ ಹೇಳುತ್ತದೆಯೇ, ನಮ್ಮವರಲ್ಲಿ ಗಡಿ ಎಲ್ಲಿ ಎಳೆಯಬೇಕು ಎಂದು ತಿಳಿಯಲು ಬೇಕಾದ ರೋಗಿಗಳ ಸಂಖ್ಯೆ ನಮ್ಮಲ್ಲಿದೆ. ಅಲ್ಲಿಯವರೆಗೆ ಎಲ್ಲರಿಗೂ ದೊಡ್ಡ ಪಟ್ಟಿಯ ಪರೀಕ್ಷೆ ಬೇಡ, ಸಂಶಯವಿದ್ದವರಿಗೆ ತಪ್ಪಿಸುವುದೂ ಬೇಡ.

ಸಂಶಯ ಹುಟ್ಟಬೇಕಾದರೆ ರೋಗಿ ಬಾಯಿಬಿಡಬೇಕು. ನಿಮಗೋ ನಿಮ್ಮ ಮನೆಯವರಿಗೋ ಇಂಥ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ವೈದ್ಯರು ಕೇಳದಿದ್ದರೂ ಇವನ್ನು ಹೇಳಿ: ಹಿಂದೆ ಕಾಲು ಊದಿ ಹೆಪ್ಪು ಎಂದು ಯಾರಾದರೂ ಹೇಳಿದ್ದರೇ, ರಕ್ತಸಂಬಂಧಿಗಳಲ್ಲಿ ಐವತ್ತರೊಳಗೆ ಯಾರಿಗಾದರೂ ಕಾಲಿನ ಅಥವಾ ಶ್ವಾಸಕೋಶದ ಹೆಪ್ಪು ಆಗಿತ್ತೇ, ಪದೇ ಪದೇ ಗರ್ಭಪಾತವಾಗಿದೆಯೇ, ಗರ್ಭನಿರೋಧಕ ಅಥವಾ ಹಾರ್ಮೋನ್ ಮಾತ್ರೆ ನಡೆಯುತ್ತಿದೆಯೇ, ಮನೆತನದಲ್ಲಿ ಸಿಕಲ್ ಸೆಲ್ ಇದೆಯೇ, ಬೀಡಿ ಸಿಗರೇಟು ನಿಜವಾಗಿ ಯಾವಾಗ ಬಿಟ್ಟಿರಿ. ಹಳೆಯ ಚೀಟಿ, ಡಿಸ್ಚಾರ್ಜ್ ಕಾರ್ಡು ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಪರೀಕ್ಷೆ ಮಾಡಬೇಕೆಂದು ವೈದ್ಯರು ಈ ಉತ್ತರಗಳಿಂದ ನಿರ್ಧರಿಸುತ್ತಾರೆ.